ಎಲ್ಕ್ ಬೇಟೆಗೆ ಯಾವ ಬೂಟು? ಹೋಗಿಬಂದವರು ಹೇಳಿ

ಅಕ್ಟೋಬರ್‌ನಲ್ಲಿ ಆಫೀಸಿನ ಗೆಳೆಯರ ಜತೆ ಅಮೆರಿಕದ ಕೊಲೊರಾಡೊದಲ್ಲಿ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೊರಟಿದ್ದೀನಿ. ಟ್ಯಾಗ್ (ಬೇಟೆಯ ಪರವಾನಗಿ) ತಗೊಂಡಾಗಿದೆ. ಹತ್ತು ಸಾವಿರ ಅಡಿ ಎತ್ತರ ಅಂತಾರೆ. ಊರಲ್ಲಿ ಕುಮಾರ ಪರ್ವತ ಹತ್ತಿದ ಹಗುರದ ಟ್ರೆಕಿಂಗ್ ಶೂ ಇದೆ, ಸಾಕಾಗುತ್ತಾ?

ಉತ್ತರ 1:
ಹತ್ತೋದಕ್ಕೆ ಸಾಕು, ಇಳಿಯೋದಕ್ಕೆ ಸಾಲದು. ಎಲ್ಕ್ ಬಿದ್ದ ಮೇಲೇ ನಿಜವಾದ ಕೆಲಸ. ದೊಡ್ಡ ಗಂಡಾದರೆ ಮೂಳೆ ಬಿಡಿಸಿದ ಮಾಂಸವೇ ಸುಮಾರು 90 ಕೆ.ಜಿ. ಬರುತ್ತೆ. ಅದನ್ನ ಪಾಲು ಮಾಡಿ ಬೆನ್ನಿಗೆ ಹೇರಿಕೊಂಡು, ಉರುಳಿದ ಮರ ದಾಟಿ, ಸಡಿಲ ಕಲ್ಲಿನ ಮೇಲೆ ಇಳೀಬೇಕು. ಮೆತ್ತನೆ ಅಟ್ಟೆ ಆಗ ಪ್ರತಿ ಕಲ್ಲಿಗೂ ಬಾಗಿ ಅಂಗಾಲು ನೋಯಿಸುತ್ತೆ. ಅಂಗಡೀಲಿ ಬೂಟಿನ ಎರಡು ತುದಿ ಹಿಡಿದು ಮಡಚಿ ನೋಡಿ. ಸಲೀಸಾಗಿ ಮಡಚಿದರೆ ಬಿಟ್ಟುಬಿಡಿ. ಚರ್ಮದ್ದು, 8 ಇಂಚು ಎತ್ತರದ್ದು ಇರಲಿ.

ಸಂಜೆ ಹೋಗಿ, ಪಾದ ಆಗ ಸ್ವಲ್ಪ ಊದಿರುತ್ತೆ. ಬೇಟೆಗೆ ಹಾಕೋ ದಪ್ಪ ಉಣ್ಣೆ ಸಾಕ್ಸನ್ನೇ ಹಾಕ್ಕೊಂಡು ಇಳಿಜಾರಲ್ಲಿ ಇಳಿದು ನೋಡಿ. ಬೆರಳು ಮುಂದೆ ತಾಗಿತಾ, ಯಾವ ಬ್ರ್ಯಾಂಡ್ ಆದ್ರೂ ಬೇಡ. ಉಗುರು ಕಪ್ಪಾಗೋದು ಅಲ್ಲಿಂದಲೇ ಶುರು. ಹಿಮ್ಮಡಿ ಒಳಗೆ ಮೇಲೆ ಕೆಳಗೆ ಆಡಿದ್ರೆ ಗುಳ್ಳೆ ಗ್ಯಾರಂಟಿ.

ಆಗಸ್ಟ್‌ನಲ್ಲೇ ತಗೊಂಡು ಪಳಗಿಸಿ. ಮೊದಲು ಮನೆಯೊಳಗೆ (ಅಮ್ಮ ವಿಡಿಯೊ ಕಾಲ್‌ನಲ್ಲಿ ನೋಡಿದ್ರೆ ಬೈತಾರೆ, ಬೈಸ್ಕೊಳ್ಳಿ), ಆಮೇಲೆ ಬೀದೀಲಿ, ಕೊನೆಗೆ ಬ್ಯಾಗಲ್ಲಿ ಅಕ್ಕಿ ಚೀಲ ತುಂಬ್ಕೊಂಡು ಮೆಟ್ಟಿಲು. ಕೊರೆಯೋ ಜಾಗಕ್ಕೆ ಗುಳ್ಳೆ ಏಳೋ ಮುಂಚೆಯೇ ಟೇಪ್ ಹಚ್ಚಿ.

ಉತ್ತರ 2:
ಹಿಮಕ್ಕೆ ಹೆದರಿ 800 ಗ್ರಾಂ ಇನ್ಸುಲೇಶನ್ (ಬೂಟಿನೊಳಗೆ ಚಳಿ ತಡೆಯೋ ಪದರ, ಗ್ರಾಂ ಹೆಚ್ಚಿದಷ್ಟೂ ಬೆಚ್ಚಗೆ) ಇರೋದು ತಗೋಬೇಡಿ ಸಾರ್. ಅದು ಒಂದೇ ಕಡೆ ಕೂತು ಕಾಯೋರಿಗೆ. ನಡೆಯೋರಿಗೆ ಕಾಲು ಬೆವರುತ್ತೆ, ನಿಂತ ಕೂಡಲೇ ಆ ಒದ್ದೆಯೇ ಚಳಿ ಹತ್ತಿಸುತ್ತೆ. 200 ಗ್ರಾಂ ಧಾರಾಳ. ಬದಲಿ ಸಾಕ್ಸ್, ಗೇಟರ್ (ಬೂಟಿನೊಳಗೆ ಹಿಮ ಹೋಗದಂತೆ ಕಾಲಿಗೆ ಸುತ್ತೋ ಹೊದಿಕೆ) ಇರಲಿ. ಹತ್ತಿ ಸಾಕ್ಸ್ ಮನೇಲೇ ಬಿಡಿ.

ಉತ್ತರ 3:
ಒದ್ದೆ ಬೂಟನ್ನ ಟೆಂಟಿನ ಒಲೆ ಪಕ್ಕ ಇಡಬೇಡಿ. ಅಂಟು ಬಿಡುತ್ತೆ, ಚರ್ಮ ಬಿರಿಯುತ್ತೆ. ಒಳಗಿನ ಪದರ ತೆಗೆದು, ನ್ಯೂಸ್‌ಪೇಪರ್ ತುರುಕಿಡಿ. ಹೊರಡೋ ಮುಂಚೆ ಹೊಲಿಗೆಗಳಿಗೆ ಮೇಣ ಚೆನ್ನಾಗಿ ಉಜ್ಜಿ.

ಇನ್ನೊಂದು: ಯಾರದ್ದೋ ಗ್ಯಾರೇಜಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಬೂಟು ಎರವಲು ಸಿಕ್ಕಿದ್ರೆ ಹುಷಾರು. ನಮ್ಮ ಭಾವನವರು ಹಾಗೆ ತಗೊಂಡಿದ್ದರ ಅಟ್ಟೆ ಪಾರ್ಕಿಂಗ್ ದಾಟೋದರೊಳಗೆ ಕಳಚಿತು. ಪಾಲಿಯುರೆಥೇನ್ (ಒಂದು ಬಗೆ ಪ್ಲಾಸ್ಟಿಕ್) ಅಟ್ಟೆಯ ಬೂಟು ಹಾಕದೇ ಇಟ್ಟರೂ ಆ ಅಟ್ಟೆ ಗಾಳಿಯ ತೇವಕ್ಕೇ ಪುಡಿಯಾಗುತ್ತೆ. ಬದಿಯನ್ನ ಹೆಬ್ಬೆರಳಲ್ಲಿ ಒತ್ತಿ ನೋಡಿ, ಬಿರುಕು ಕಂಡ್ರೆ ವಾಪಸ್ ಕೊಡಿ.