ಡಾಕ್ಟರನ್ನು ಕೇಳಿ: ಲೂಪಸ್ ಇದೆ, ಈಗ ಕಾಲು ಜೋಮು ಹಿಡಿದಿದೆ

ಬೇಲೂರಿನಿಂದ: ಡಾಕ್ಟ್ರೇ, ನನ್ನ ತಂಗಿಗೆ 29 ವರ್ಷ, ಲೂಪಸ್‌ಗೆ, ಅದೇ ಮೈಯ ರೋಗನಿರೋಧಕ ಶಕ್ತಿ ಮೈಯನ್ನೇ ಕಾಡುವ ಕಾಯಿಲೆಗೆ, ನಾಲ್ಕು ವರ್ಷದಿಂದ ಮಾತ್ರೆ ನಡೆಯುತ್ತಿದೆ. ಮೂರು ದಿನದಿಂದ ಎರಡೂ ಕಾಲು ಜೋಮು. ಹೊಟ್ಟೆ ಸುತ್ತ ಲಂಗದ ಲಾಡಿ ಬಿಗಿದ ಹಾಗಿದೆ ಅನ್ನುತ್ತಾಳೆ, ಹಾಕಿರೋದು ಸಡಿಲ ನೈಟಿ. ರಾತ್ರಿಯಿಂದ ಮೂತ್ರ ಹೋಗಿಲ್ಲ. ಇಲ್ಲಿ ಸೊಂಟ ಉಳುಕಿದೆ ಅಂತ ಇಂಜೆಕ್ಷನ್ ಕೊಟ್ಟರು. ಸೋಮವಾರದವರೆಗೆ ಕಾಯಬಹುದಾ?

ಡಾಕ್ಟರ್: ಬೇಡ. ಈಗಲೇ ಹಾಸನಕ್ಕೆ ಹೊರಡಿ, ಎಂಆರ್‌ಐ ಇರುವ ಆಸ್ಪತ್ರೆಗೆ. ಉಳುಕಿದರೆ ಮೂತ್ರ ಕಟ್ಟುವುದಿಲ್ಲ. ಇದು ಬೆನ್ನುಹುರಿಯ ಉರಿಯೂತ ಇರಬಹುದು, ಮೈಲೈಟಿಸ್ ಅಂತೀವಿ. ಲೂಪಸ್ ಇರುವ ನೂರು ಜನರಲ್ಲಿ ಒಬ್ಬಿಬ್ಬರಿಗೆ ಬರುತ್ತೆ, ಆದರೆ ತಡವಾದಷ್ಟೂ ಕಾಲಿನ ಶಕ್ತಿ ವಾಪಸ್ ಬರೋದು ಕಷ್ಟ. ಮೊದಲು ಗಡ್ಡೆ, ಡಿಸ್ಕ್, ಕೀವು, ಏನಾದರೂ ಹುರಿಯನ್ನು ಒತ್ತುತ್ತಿದೆಯಾ ನೋಡಬೇಕು, ಹಾಗಿದ್ದರೆ ಆಪರೇಷನ್ನೇ ಬೇಕಾಗಬಹುದು. ಬರೀ ಸೊಂಟದ ಎಂಆರ್‌ಐ ಸಾಲದು. ಹುರಿ ಸೊಂಟದ ಮೇಲ್ಭಾಗಕ್ಕೇ ಮುಗಿಯುತ್ತೆ, ತೊಂದರೆ ಎದೆಯ ಮಟ್ಟದಲ್ಲಿದ್ದರೆ ರಿಪೋರ್ಟ್ ನಾರ್ಮಲ್ ಅಂತ ಬಂದು ಎಲ್ಲರೂ ಸಮಾಧಾನವಾಗಿ ಮನೆಗೆ ಹೋಗಿಬಿಡುತ್ತಾರೆ. ಪೂರ್ತಿ ಬೆನ್ನು, ಕಾಂಟ್ರಾಸ್ಟ್ ಜೊತೆ, ಅಂದರೆ ಚಿತ್ರದಲ್ಲಿ ಉರಿಯೂತ ಎದ್ದು ಕಾಣಲು ಔಷಧಿ ಚುಚ್ಚಿ. ಆಮೇಲೆ ಬೆನ್ನಿನ ನೀರು ತೆಗೆದು ಸೋಂಕು, ಟಿಬಿ ನೋಡುತ್ತಾರೆ. ರಕ್ತದಲ್ಲಿ ಬಿ12, ರಕ್ತ ಹೆಪ್ಪುಗಟ್ಟಿಸುವ ಫಾಸ್ಫೋಲಿಪಿಡ್ ಆಂಟಿಬಾಡಿ, ಅಕ್ವಾಪೊರಿನ್-4 ಆಂಟಿಬಾಡಿ. ಈ ಕೊನೆಯದು ಪಾಸಿಟಿವ್ ಬಂದರೆ ಲೂಪಸ್ ಜೊತೆ ಕಣ್ಣಿನ ನರ, ಬೆನ್ನುಹುರಿಗೆ ಉರಿಯೂತ ತರುವ ಎನ್‌ಎಂಒ ಅನ್ನುವ ಇನ್ನೊಂದು ಕಾಯಿಲೆಯೂ ಇದೆ ಅಂತ, ಮುಂದಿನ ಔಷಧಿಯೇ ಬದಲಾಗುತ್ತೆ. ಆ ರಿಪೋರ್ಟ್ ಬರೋಕೆ ದಿನಗಳಾಗುತ್ತೆ. ಸೋಂಕಿನ ಅನುಮಾನ ಇಲ್ಲದಿದ್ದರೆ ಉರಿಯೂತ ಇಳಿಸುವ ಸ್ಟೀರಾಯ್ಡ್ ಡ್ರಿಪ್ ಅದಕ್ಕಾಗಿ ಕಾಯಬಾರದು. ಈಗಿನ ಮಾತ್ರೆ ನಿಲ್ಲಿಸಬೇಡಿ, ಹಳೇ ಚೀಟಿ ಎಲ್ಲಾ ಇಟ್ಟುಕೊಳ್ಳಿ.

ಆಲೂರಿನಿಂದ: ಸರ್, ನನಗೆ ಸಂಧಿವಾತ, ಬೆನ್ನು ನೋವು ಇದೆ. ನಾನೂ ಎಂಆರ್‌ಐ ಮಾಡಿಸಲಾ?

ಡಾಕ್ಟರ್: ಕಾಲಲ್ಲಿ ಶಕ್ತಿ ಇದ್ದು ಮೂತ್ರ ಸರಿ ಹೋಗುತ್ತಿದ್ದರೆ ಅರ್ಜೆಂಟಿಲ್ಲ. ಓಪಿಡಿಗೆ ಬನ್ನಿ.

ಕಡೂರಿನಿಂದ: ನನಗೂ ಬೆನ್ನು ನೋವು, ಎಂಆರ್‌ಐ ಬೇಕಾ ಸರ್?

ಡಾಕ್ಟರ್: ಮೇಲೆ ಓದಿ.

ಮೂಡಿಗೆರೆಯಿಂದ: (ಫಾರ್ವರ್ಡ್) ಜೋಮಿಗೆ ಅಮೃತಬಳ್ಳಿ ಕಷಾಯ, ಬಿಸಿ ಮರಳಿನ ಶಾಖ, ಏಳೇ ದಿನ!

ಡಾಕ್ಟರ್: ದಯವಿಟ್ಟು ಇದನ್ನು ಡಿಲೀಟ್ ಮಾಡಿ. ಸ್ಪರ್ಶವಿಲ್ಲದ ಕಾಲಿಗೆ ಸುಡೋದೇ ಗೊತ್ತಾಗಲ್ಲ. ಹಿಮ್ಮಡಿಯಲ್ಲಿ ನಿಂಬೆಹಣ್ಣಿನಷ್ಟು ಬೊಬ್ಬೆ ಎದ್ದಮೇಲೆ ಕರೆದುಕೊಂಡು ಬಂದವರನ್ನು ನೋಡಿದ್ದೇನೆ. ಏಳು ದಿನ ಬೇಲೂರಿನ ಆ ಹುಡುಗಿಯ ಹತ್ತಿರ ಇಲ್ಲ.

ಮೂಡಿಗೆರೆಯಿಂದ: ನಮ್ಮಜ್ಜಿಗೆ ಇದರಲ್ಲೇ ವಾಸಿಯಾಯಿತು. ಇಂಗ್ಲಿಷ್ ಔಷಧಿ ಮಾತ್ರ ಸರಿನಾ?

ಸಕಲೇಶಪುರದಿಂದ: ನಿಮ್ಮಜ್ಜಿಗೆ ಲೂಪಸ್ ಇತ್ತಾ? ಸುಮ್ನೆ ಇರಿ.

ಮೂಡಿಗೆರೆಯಿಂದ: ನೀವ್ಯಾರು ಹೇಳೋಕೆ?

ಅರಸೀಕೆರೆಯಿಂದ: ಜಗಳ ಬಿಡಿ. ಕಾಂಟ್ರಾಸ್ಟ್ ಎಂಆರ್‌ಐಗೆ ಎಷ್ಟಾಗುತ್ತೆ, ಆಯುಷ್ಮಾನ್ ಕಾರ್ಡ್ ನಡೆಯುತ್ತಾ?

ಸಕಲೇಶಪುರದಿಂದ: ಜಗಳ ಶುರು ಮಾಡಿದ್ದು ಅವರು.

ಬೇಲೂರಿನಿಂದ: ಹಾಸನಕ್ಕೆ ಬಂದಿದ್ದೇವೆ ಡಾಕ್ಟ್ರೇ. ಮೂತ್ರಕ್ಕೆ ಪೈಪ್ ಹಾಕಿದ ಕೂಡಲೇ ಚೀಲ ತುಂಬಿತು. ಪಿನ್ ಮುಟ್ಟಿಸಿದರೆ ಹೊಕ್ಕುಳಿಂದ ಕೆಳಗೆ ಗೊತ್ತಾಗುತ್ತಿಲ್ಲ. ಸೊಂಟದ ಎಂಆರ್‌ಐ ಬರೆದಿದ್ದಾರೆ.

ಡಾಕ್ಟರ್: ಹೊಕ್ಕುಳ ಮಟ್ಟ ಅಂದರೆ ಎದೆಭಾಗದ ಹುರಿ. ಪೂರ್ತಿ ಬೆನ್ನು ತೆಗೆಯಲೇಬೇಕು. ನಿಮ್ಮ ನಂಬರಿಗೆ ಕರೆ ಮಾಡುತ್ತಿದ್ದೇನೆ, ಡ್ಯೂಟಿ ಡಾಕ್ಟರ ಕೈಗೆ ಫೋನ್ ಕೊಡಿ.