ಅಪ್‌ಡೇಟ್: ಐಸ್ ಕ್ಲೈಂಬಿಂಗ್, ಸ್ಕೀ ಟೂರಿಂಗ್ ಎರಡಕ್ಕೂ ಒಂದೇ ಬೂಟು

ಚಳಿಗಾಲದ ಪ್ರವಾಸಕ್ಕೆ ಗೆಳೆಯರ ಜೊತೆ ಹೊರಡುವ ಮುಂಚೆ, ಐಸ್ ಕ್ಲೈಂಬಿಂಗ್ (ಹೆಪ್ಪುಗಟ್ಟಿದ ಜಲಪಾತ ಹತ್ತುವುದು), ಸ್ಕೀ ಟೂರಿಂಗ್ (ಸ್ಕೀ ಹಾಕಿಕೊಂಡೇ ಬೆಟ್ಟ ಏರಿ ಇಳಿಯುವುದು) ಎರಡಕ್ಕೂ ಟೂರಿಂಗ್ ಬೂಟು ಒಂದೇ ಸಾಕಾ ಅಂತ ಕೇಳಿದ್ದೆ. ಸಾಕಾಯಿತು. ಕ್ರ್ಯಾಂಪಾನ್ (ಐಸ್ ಮೇಲೆ ಹಿಡಿತಕ್ಕೆ ಬೂಟಿನಡಿ ಕಟ್ಟುವ ಲೋಹದ ಮುಳ್ಳುಗಳು) ಗಟ್ಟಿಯಾಗಿಯೇ ಕೂತಿತು. ಆದರೆ ಕಣಕಾಲು ಆಡುವುದೇ ಇಲ್ಲ, ಏರುವಾಗ ಬಕಲ್ ಸಡಿಲ ಬಿಟ್ಟರೆ ಸ್ವಲ್ಪ ವಾಸಿ.

ಬೂಟಿಗಿಂತ ಜಾಸ್ತಿ ತಲೆ ತಿಂದದ್ದು ಹಿಮಕುಸಿತದ ಭಯ. ಹೆಪ್ಪುಗಟ್ಟಿದ ಜಲಪಾತಗಳು ಇರುವುದೇ ಕೊರಕಲುಗಳಲ್ಲಿ, ಮೇಲಿನ ಇಳಿಜಾರಿನ ಹಿಮ ಜಾರಿದರೆ ನೇರ ನಮ್ಮ ತಲೆ ಮೇಲೇ ಅಲ್ವಾ? ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಹಾಗಾಗಿ ಹೊಸ ಹಿಮ ಬಿದ್ದ ಮೇಲೆ ಐಸ್ ಬಿಟ್ಟು, 30 ಡಿಗ್ರಿಗಿಂತ ಕಡಿಮೆ ಇರುವ ಕಡೆ ಸ್ಕೀ ಮಾಡಿದೆವು. ಹಿಮದಡಿ ಸಿಕ್ಕಿಕೊಂಡವರನ್ನು ಹುಡುಕಿ ತೆಗೆಯಲು ಬೀಕನ್ (ಸಿಗ್ನಲ್ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಎಲ್ಲರ ಹತ್ತಿರವೂ ಇದ್ದವು.

ಸ್ಕಿನ್‌ಗಳ (ಏರುವಾಗ ಹಿಂದೆ ಜಾರದಂತೆ ಸ್ಕೀ ಅಡಿಗೆ ಅಂಟಿಸುವ ಪಟ್ಟಿಗಳು) ಅಂಟು ಚಳಿಗೆ ಹಿಡಿಯಲಿಲ್ಲ. ಜಾಕೆಟ್ ಒಳಗಿಟ್ಟು ಬೆಚ್ಚಗೆ ಮಾಡಿದ ಮೇಲೆ ಸರಿಹೋಯಿತು.