ವಲಸೆ ಹಕ್ಕಿ ಹೊರಟ ದಿನ ಹಿಡಿಯೋದು ಹೇಗೆ?

ಕೇಳಿದ್ದು: ಮಾರ್ಚ್‌ನಿಂದ ಮೇ ಮೊದಲ ವಾರದವರೆಗೆ ಊರ ಕೆರೆಯಿಂದ ಯಾವ ವಲಸೆ ಹಕ್ಕಿ ಯಾವಾಗ ಹೋಯ್ತು ಅಂತ ಈಬರ್ಡ್‌ನಲ್ಲಿ (ಹಕ್ಕಿ ಪಟ್ಟಿ ಸೇರಿಸೋ ಜಾಲತಾಣ) ದಾಖಲಿಸಬೇಕು. 8×42 ಬೈನಾಕ್ಯುಲರ್ ಇದೆ, ದೂರದ ಹಕ್ಕಿ ನೋಡೋ ಸ್ಕೋಪ್ (ದೂರದರ್ಶಕ) ಇಲ್ಲ. ಎಲ್ಲಿ ಎಡವಬಹುದು?

ಮೈಸೂರಿನಿಂದ: ಬಂದ ದಿನ ಹಕ್ಕಿಯೇ ಹೇಳುತ್ತೆ. ಹೋದ ದಿನ ಗೊತ್ತಾಗೋದು ಅದು ಹೋದ ಮೇಲೂ ಹುಡುಕುತ್ತಿದ್ದವರಿಗೆ. ಹಾಗಾಗಿ ಒಂದೇ ಜಾಗ, ಒಂದೇ ಹೊತ್ತು, ವಾರಕ್ಕೆ ಎರಡು ಸಲ, ಪ್ರತಿ ಸಲ ಕನಿಷ್ಠ 15 ನಿಮಿಷ. ಗುರುತು ಸಿಕ್ಕಿದ್ದನ್ನೆಲ್ಲ ಬರೆಯಿರಿ, ಕಾಗೆ ಮೈನಾ ಸಮೇತ. ಪೂರ್ಣ ಪಟ್ಟಿಯಲ್ಲಿ ಹೆಸರಿಲ್ಲ ಅಂದ್ರೆ ‘ಹುಡುಕಿದ್ರೂ ಕಾಣಲಿಲ್ಲ’ ಅಂತಾಗುತ್ತೆ. ಅಪರೂಪದ್ದನ್ನಷ್ಟೇ ಬರೆದ ಪಟ್ಟಿಗೆ ಆ ಬೆಲೆ ಇಲ್ಲ. ಎಣಿಕೆ ಜಾಗದಲ್ಲಿ ‘ಎಕ್ಸ್’ (ಇತ್ತು, ಎಣಿಸಿಲ್ಲ ಅನ್ನೋ ಗುರುತು) ಹಾಕಬೇಡಿ, ಅಂದಾಜು 40 ಅಂತಾದ್ರೂ ಹಾಕಿ. ಕೂಗು ಕೇಳಿ ಹಕ್ಕಿ ಹೆಸರು ಹೇಳೋ ಮರ್ಲಿನ್ ಆ್ಯಪ್ ಹೇಳಿದ್ದನ್ನು ಕಣ್ಣಾರೆ ನೋಡದೆ ಸೇರಿಸಬೇಡಿ. ಎಲೆಹಕ್ಕಿ, ಭೀಮರಾಜ ಎರಡೂ ಬೇರೆ ಹಕ್ಕಿ ಕೂಗು ಅಣಕಿಸೋದ್ರಲ್ಲಿ ಎತ್ತಿದ ಕೈ.

ಗದಗ ಕಡೆಯಿಂದ: ಮಾಗಡಿ ಕೆರಿಗೆ ಪಟ್ಟೆತಲೆ ಹೆಬ್ಬಾತು ನೋಡಾಕ ಏಪ್ರಿಲ್‌ತನಕ ಕಾಯಬ್ಯಾಡ್ರಿ, ಮಾರ್ಚ್‌ನ್ಯಾಗ ಕೆರಿ ಖಾಲಿ. ರಾತ್ರಿ ಕಡ್ಲಿ, ಶೇಂಗಾ ಹೊಲಕ್ಕ ಮೇಯಾಕ ಹೋಗ್ತಾವು, ಬಿಸಿಲೇರಿದ ಮ್ಯಾಲೆ ನೀರಾಗ ಇರ್ತಾವು. ಎಣಿಸಾಕ ಅದೇ ಹೊತ್ತು ಚಲೋ. ಸಂಶೋಧಕರು ಗುರ್ತಿಗೆ ಹಾಕಿದ ಕೊರಳಪಟ್ಟಿ ಕಂಡ್ರ ಬಣ್ಣ, ಅಕ್ಷರ, ಅಂಕಿ ಮೂರೂ ಬರ್ಕೊಳ್ರಿ, ಮಂಗೋಲಿಯಾದಾಗ ಹಾಕಿದ್ದಿರಬಹುದು. ಗುಲಾಬಿ ಮೈನಾದ ಮುಖ ಹಳದಿ ಕಂಡ್ರ ಹೊಸಾ ಹಕ್ಕಿ ಅನ್ಕೋಬ್ಯಾಡ್ರಿ. ಮುತ್ತುಗದ ಪರಾಗ ಅದು.

ತುಮಕೂರಿನಿಂದ: ಹಳದಿ ಸಿಪಿಲೆಯ (ಯೆಲ್ಲೋ ವ್ಯಾಗ್‌ಟೇಲ್) ಉಪಜಾತಿ ಬಿಡಿಸೋಕೆ ಏಪ್ರಿಲ್ಲೇ ಸುಗ್ಗಿ, ಗಂಡುಗಳಿಗೆ ಪೂರ್ತಿ ಬಣ್ಣ ಬಂದಿರುತ್ತೆ. ತಲೆ ಅಚ್ಚಗಪ್ಪು, ಹುಬ್ಬಿಲ್ಲ: ಫೆಲ್ಡೆಗ್. ನೆತ್ತಿ ಗಾಢ ಬೂದು, ಕೆನ್ನೆ ಇನ್ನೂ ಕಪ್ಪು, ಹುಬ್ಬು ಇಲ್ಲವೇ ಇಲ್ಲ ಅನ್ನುವಷ್ಟು: ಥುನ್‌ಬರ್ಗಿ. ತಿಳಿಬೂದು ತಲೆಗೆ ಎದ್ದು ಕಾಣುವ ಬಿಳಿ ಹುಬ್ಬು: ಬೀಮಾ. ತಲೆಯೆಲ್ಲ ಹಳದಿ, ಕತ್ತಿನ ಹಿಂದೆ ಕಪ್ಪು ಪಟ್ಟಿ ಇದ್ದರೆ ಅದು ಸಿಟ್ರಿನ್ ಸಿಪಿಲೆ, ಬೇರೆ ಜಾತಿಯೇ. ಹೆಣ್ಣು, ಮರಿಗಳನ್ನು ಸುಮ್ಮನೆ ಜಾತಿಯ ಮಟ್ಟಕ್ಕೇ ಬಿಡಿ. ಇನ್ನೊಂದು ಮಾತು: ಏಪ್ರಿಲ್‌ನಲ್ಲಿ ಗೊರವಗಳು (ಕೆಸರಲ್ಲಿ ಮೇಯುವ ಸ್ಯಾಂಡ್‌ಪೈಪರ್‌ನಂಥ ಹಕ್ಕಿಗಳು) ದಿಢೀರ್ ಹೆಚ್ಚಿದರೆ ಹೊಸ ಗುಂಪು ಬಂತು ಅಂತಲೇ ಅಲ್ಲ. ಅಕ್ಕಪಕ್ಕದ ಕೆರೆ ಬತ್ತಿ ಇದ್ದವೆಲ್ಲ ಒಂದೇ ಗುಂಡಿಗೆ ಸೇರಿರುತ್ತವೆ. ನೀರು ಎಷ್ಟಿದೆ ಅಂತ ಟಿಪ್ಪಣಿಯಲ್ಲಿ ಒಂದು ಸಾಲು ಬರೆದಿಡಿ.

ಕುಮಟಾದಿಂದ: ಕರಾವಳಿಗೆ ಬರುವುದಾದರೆ ಅಘನಾಶಿನಿ ಅಳಿವೆಗೆ (ನದಿ ಸಮುದ್ರ ಸೇರುವ ಜಾಗ) ಭರತ (ಸಮುದ್ರದ ಉಬ್ಬರ) ತುಂಬುವ ಎರಡು ಗಂಟೆ ಮೊದಲೇ ಬಂದು ಕೂತುಕೊಳ್ಳಿ. ಕೆಸರು ಮುಳುಗುತ್ತ ಬಂದಂತೆ ಹಕ್ಕಿಗಳೇ ಹತ್ತಿರ ಬರುತ್ತವೆ, ಸ್ಕೋಪ್ ಇಲ್ಲದ ಕೊರತೆ ಅಷ್ಟಾಗಿ ಕಾಡುವುದಿಲ್ಲ. ನೀರು ತುಂಬಿದ ಮೇಲೆ ಒತ್ತಾಗಿ ಕೂತ ಗುಂಪಿನತ್ತ ಮಾತ್ರ ಹೆಜ್ಜೆ ಹಾಕಬೇಡಿ. ಎಬ್ಬಿಸಿದರೆ ದೂರದ ಪಯಣಕ್ಕೆ ಕೂಡಿಟ್ಟ ಕೊಬ್ಬು ವ್ಯರ್ಥ. ಏಪ್ರಿಲ್ ಕೊನೆಗೆ ಕರ್ಲ್ಯೂ ಸ್ಯಾಂಡ್‌ಪೈಪರ್ ಎಂಬ ಗೊರವದ ಹೊಟ್ಟೆ ಇಟ್ಟಿಗೆಗೆಂಪು ಆಗಿದ್ದರೆ ಅದು ಹೊರಡುವ ಹಕ್ಕಿ. ಮೇ, ಜೂನ್‌ನಲ್ಲೂ ಬೂದು ಬಣ್ಣದಲ್ಲೇ ಓಡಾಡುವವು ಬಹುಪಾಲು ಒಂದು ವರ್ಷದವು. ಆ ಬೇಸಿಗೆ ಅವು ಉತ್ತರಕ್ಕೆ ಹೋಗುವುದೇ ಇಲ್ಲ, ಅವನ್ನು ‘ತಡವಾಗಿ ಹೊರಟವು’ ಎಂದು ಬರೆಯಬೇಡಿ.